ಮೂರನೇ ಬೆಂಚಿನ ಹಾಜರಿ

ಬಿ.ಎಡ್. ಮಾಡುತ್ತೇನೆಂದು ಶಿಲ್ಪಶ್ರೀ ಹೊರಟಾಗ ಗಂಡ ವೀರೇಂದ್ರ ಬೇಡವೆನ್ನಲಿಲ್ಲ. ಬೇಡವೆನ್ನಲು ಅವನು ಮನೆಯಲ್ಲಿದ್ದರೆ ತಾನೆ? ತೊಂಬತ್ತಾರನೇ ಇಸವಿ, ಕತಾರಿನ ರಾಸ್ ಲಫಾನಿನಲ್ಲಿ ಗ್ಯಾಸ್ ಪ್ಲಾಂಟು ಏಳುತ್ತಿದ್ದ ಕಾಲ. ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿದವನ ಮುಖ ಮತ್ತೆ ಕಾಣಿಸುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ಗದಗಿನಿಂದ ಮದುವೆಯಾಗಿ ಬಂದ ಹೆಣ್ಣು ದೋಹಾದ ಮುಶೈರಿಬಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎಷ್ಟು ದಿನ ಅಂತ ಗೋಡೆ ನೋಡಿಕೊಂಡು ಕೂತಾಳು? ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿದಳು. ಪುಸ್ತಕದ ಪಾಠವೆಲ್ಲ ಮುಗಿದು, ನಿಜವಾದ ಮಕ್ಕಳ ಮುಂದೆ ನಿಂತು ಕಲಿಸಿ ತೋರಿಸುವುದೊಂದು ಬಾಕಿ ಉಳಿದಾಗ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಭಾರತೀಯ ಶಾಲೆ ಅವಳನ್ನು ಒಳಗೆ ಬಿಟ್ಟುಕೊಂಡಿತು.

ಶಾಲೆಯೆಂದರೆ ದೊಡ್ಡದೇನೋ ಅಂದುಕೊಳ್ಳಬಾರದು. ಯಾರೋ ಅರಬರು ಬಾಡಿಗೆಗೆ ಕೊಟ್ಟಿದ್ದ ಹಳೆಯ ವಿಲ್ಲಾ. ಮೂರನೇ ಕ್ಲಾಸಿನ ಬಿ ವಿಭಾಗ ನಡೆಯುತ್ತಿದ್ದದ್ದು ಒಂದು ಕಾಲದ ಮಲಗುವ ಕೋಣೆಯಲ್ಲಿ. ಬಿಸಿಲು ಬಾರದಿರಲೆಂದು ಕಿಟಕಿಗೆ ಕಂದು ಬಣ್ಣದ ಕಾಗದ ಅಂಟಿಸಿದ್ದರು. ಹೀಗಾಗಿ ಹೊರಗೆ ಎಷ್ಟು ಹೊತ್ತಾಗಿದೆಯೆಂದು ಒಳಗಿದ್ದವರಿಗೆ ತಿಳಿಯುತ್ತಿರಲಿಲ್ಲ, ದಿನವಿಡೀ ಮುಸ್ಸಂಜೆಯೇ. ಗೋಡೆಯ ಎ.ಸಿ. ಗೊರಗೊರ ಅನ್ನುತ್ತಿತ್ತು. ಅದು ಒಮ್ಮೊಮ್ಮೆ ತಟ್ಟನೆ ನಿಂತಾಗ ಆ ಕೋಣೆಯ ಮೌನ ಅವಳಿಗೆ ಮೊದಲ ದಿನದಿಂದಲೂ ಸೇರಲಿಲ್ಲ.

ಕ್ಲಾಸಿನ ಟೀಚರ್ ಹೆರಿಗೆ ರಜೆಯಲ್ಲಿದ್ದರು. ಶಿಲ್ಪಶ್ರೀಗೆ ದಾರಿ ತೋರಿಸಲು ಇದ್ದವರು ಅಗಾತಾ ಟೀಚರ್. ಮಂಗಳೂರಿನ ಕ್ರೈಸ್ತರು, ತಲೆ ನೆರೆತ ಹೆಂಗಸು. ಈಗ ಲೈಬ್ರರಿ ನೋಡಿಕೊಳ್ಳುವ ಕೆಲಸ. ಒಳ್ಳೆಯವರು, ಆದರೆ ಒಂದು ವಿಚಿತ್ರವಿತ್ತು. ಶಿಲ್ಪಶ್ರೀಯ ಪಾಠವನ್ನು ಅವರು ಬಾಗಿಲ ಆಚೆ ನಿಂತೇ ನೋಡುತ್ತಿದ್ದರು, ಹೊಸ್ತಿಲು ದಾಟುತ್ತಿರಲಿಲ್ಲ. ಕುರ್ಚಿ ಹಾಕಿಸುತ್ತೇನೆಂದರೂ ಬೇಡವೆನ್ನುತ್ತಿದ್ದರು.

"ಪಾಠ ಮಾಡುವಾಗ ನಮಗೆ ನಮ್ಮ ಸ್ವರ ಮಾತ್ರ ಕೇಳುವುದು ಶಿಲ್ಪಾ" ಅಂದರು ಒಂದು ದಿನ. "ಟೇಪಿಗೆ ಹಾಗಲ್ಲ, ಅದಕ್ಕೆ ಎಲ್ಲರೂ ಒಂದೇ. ನಾಳೆಯಿಂದ ಟೇಪ್ ರೆಕಾರ್ಡರ್ ಇಟ್ಟು ಪಾಠ ಮಾಡಿ. ಮನೆಗೆ ಹೋಗಿ ಕೂತು ಕೇಳಿ. ನೀವು ಎಂತ ಹೇಳಿದ್ರಿ ಅಂತ ಅಲ್ಲ, ಮಕ್ಕಳು ಎಂತ ಹೇಳಿದ್ರು ಅಂತ. ನಮ್ಮ ತಪ್ಪು ಎಲ್ಲಿ ಉಂಟು ಅಂತ ಆಗ ಗೊತ್ತಾಗ್ತದೆ."

ಶಿಲ್ಪಶ್ರೀ ಹುರುಪಿನಿಂದ ಒಪ್ಪಿದಳು. ಅವಳ ಹುರುಪಿಗೆ ಇನ್ನೊಂದು ಕಾರಣವಿತ್ತು, ಮೂರನೇ ಬೆಂಚಿನಲ್ಲಿ ಕಿಟಕಿ ಬದಿಗೆ ಕೂರುವ ಅಶ್ವಿತಾ. ಕಾರ್ಕಳದ ಕಡೆಯ ಹುಡುಗಿ. ಹೋದ ಚಳಿಗಾಲದಿಂದ ಬಾಯಿ ಬಿಟ್ಟವಳಲ್ಲ, ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೆ. ಡಾಕ್ಟರು ಗಂಟಲಲ್ಲಿ ಏನೂ ದೋಷವಿಲ್ಲವೆಂದಿದ್ದರು. ಡಿಸೆಂಬರ್ ರಜೆಯೊಳಗೆ ಮಗು ಮಾತಾಡದಿದ್ದರೆ ಟಿ.ಸಿ. ಕೊಟ್ಟು ಊರಿಗೆ ಕಳಿಸುವುದೆಂದು ಪ್ರಿನ್ಸಿಪಾಲರು ತೀರ್ಮಾನಿಸಿ ಕೈತೊಳೆದುಕೊಂಡಿದ್ದರು. ಅಂದರೆ ತಾಯಿ ಮಗು ಅಲ್ಲಿ, ತಂದೆ ಇಲ್ಲಿ. ದಿನಾ ಮಧ್ಯಾಹ್ನ ಗೇಟಿನ ಹತ್ತಿರ ತಾಯಿ ಕಾದು ನಿಂತಿರುತ್ತಿದ್ದಳು.

"ಟೀಚರೇ, ಇವತ್ತಾದ್ರೂ ಎಂತಾದ್ರೂ ಹೇಳಿದ್ಲಾ?"

"ಇನ್ನೂ ಇಲ್ರೀ. ಹೇಳ್ತಾಳ, ಹೇಳ್ತಾಳ" ಅನ್ನುತ್ತಿದ್ದಳು ಶಿಲ್ಪಶ್ರೀ. ಅನ್ನುವಾಗ ಅವಳಿಗೇ ನಂಬಿಕೆಯಿರುತ್ತಿರಲಿಲ್ಲ. ಆದರೆ ಆ ಹೆಂಗಸಿನ ಮುಖ ನೋಡಿ ಬೇರೆ ಮಾತು ಆಡುವುದಕ್ಕೂ ಆಗುತ್ತಿರಲಿಲ್ಲ. ಈ ಹುಡುಗಿಯನ್ನು ಮಾತಾಡಿಸದೆ ತಾನು ಎಂಥ ಟೀಚರ್ ಆಗುತ್ತೇನೆ ಎಂಬ ಹಟ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

ಮೊದಲ ದಿನದ ಟೇಪನ್ನು ಅವಳು ಊಟ ಮುಗಿಸಿ ಕೇಳಲು ಕೂತಳು. ದೋಹಾದ ಮಧ್ಯಾಹ್ನವೆಂದರೆ ಅಂಗಡಿಗಳೆಲ್ಲ ಬಾಗಿಲು ಎಳೆದುಕೊಂಡು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರದ ಹೊತ್ತು. ಟೇಪಿನಲ್ಲಿ ತನ್ನ ಸ್ವರ ಕೇಳಿ ಮೊದಲು ನಾಚಿಕೆಯಾಯಿತು, ಇಷ್ಟು ಕೀರಲೇ ಎಂದು. ಹಾಜರಿ ಮುಗಿಯಿತು. ಪಾಠ ಶುರುವಾಯಿತು. ಮಣ್ಣಿನ ಹೂಜಿಯಲ್ಲಿ ನೀರು ಏಕೆ ತಣ್ಣಗಿರುತ್ತದೆ ಎಂದು ಅವಳು ಕೇಳಿದ್ದಳು. ಯಾರಿಂದಲೂ ಉತ್ತರ ಬಾರದೆ, ತಾನೇ ಬೋರ್ಡಿನ ಕಡೆ ತಿರುಗಿ ಬರೆದದ್ದು ಚೆನ್ನಾಗಿ ನೆನಪಿತ್ತು.

ಟೇಪಿನಲ್ಲಿ ಹಾಗಿರಲಿಲ್ಲ. ಪ್ರಶ್ನೆ ಮುಗಿದ ಕೂಡಲೇ ಒಂದು ಎಳೆಯ ಸ್ವರ, ಸ್ವಲ್ಪ ನೆಗಡಿಯಾದಂಥದ್ದು, ಮಿಸ್, ನೀರು ಹೊರಗೆ ಬಂದು ಒಣಗ್ತದೆ ಮಿಸ್, ಅದಕ್ಕೆ, ಎಂದಿತು. ಅದರ ಬೆನ್ನಿಗೇ ಇನ್ನೊಂದು ಸ್ವರ ವೆರಿ ಗುಡ್ ಎಂದಿತು. ಅದು ಶಿಲ್ಪಶ್ರೀಯದೇ.

ಅವಳು ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಮತ್ತೆ ಅದೇ. ಅಂಥ ಉತ್ತರ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಬಿದ್ದಿರದ ಉತ್ತರಕ್ಕೆ ವೆರಿ ಗುಡ್ ಅಂದವರು ಯಾರು? ಹಾಜರಿಯ ಭಾಗಕ್ಕೆ ಓಡಿಸಿದಳು. ಕೊನೆಯ ಹೆಸರಿಗೆ ಉತ್ತರ ಬಂದ ಮೇಲೆ ಒಂದು ಸಣ್ಣ ಬಿಡುವು, ಆಮೇಲೆ ಯಾರೂ ಕರೆಯದಿದ್ದರೂ ಅದೇ ನೆಗಡಿ ಸ್ವರ ಪ್ರೆಸೆಂಟ್ ಮಿಸ್ ಎಂದಿತು. ಅವಳಿಗೆ ಎದ್ದು ಹೋಗಿ ಫ್ಲ್ಯಾಟಿನ ಬಾಗಿಲು ಹಾಕಿದೆಯೋ ಇಲ್ಲವೋ ನೋಡಿಕೊಂಡು ಬರಬೇಕೆನಿಸಿತು, ಹೋಗಿ ನೋಡಿಯೂ ಬಂದಳು.

ಸಂಜೆ ಬಂದ ಗಂಡನಿಗೆ ಕೇಳಿಸಿದರೆ ಅವನು ಚಹಾ ಕುಡಿಯುತ್ತ ನಕ್ಕ.

"ಹುಡುಗ್ರ ಗದ್ದಲದಾಗ ಯಾವದರ ಒಂದು ಹುಡುಗ ಮಾತಾಡಿರ್ತೈತಿ, ನಿನಗ ಲಕ್ಷ್ಯ ಇರಂಗಿಲ್ಲ. ಅದಕ್ಕ್ಯಾಕ ಇಷ್ಟ ತಲಿ ಕೆಡಸ್ಕೋತಿ?"

"ಲಕ್ಷ್ಯ ಇರಲಿಲ್ಲ ಅಂದ್ರ ವೆರಿ ಗುಡ್ ಹೆಂಗ ಅಂದ್ನಿ?"

"ಅದು ನಿನ್ನ ರೂಢಿ. ನಾ ಉಪ್ಪಿಲ್ಲ ಅಂದ್ರೂ ನೀ ಹೌದ್ರಿ ಅಂತೀಯಲ್ಲ, ಹಂಗ" ಅಂದು ಅವನು ಸ್ನಾನಕ್ಕೆ ಎದ್ದುಹೋದ.

ಚೇಷ್ಟೆಯ ಮಾತಾದರೂ ಅವಳಿಗೆ ನಾಟಿತು. ಮುಂದಿನ ದಿನಗಳಲ್ಲಿ ಟೇಪು ಕೇಳುವಾಗ ತನ್ನ ವೆರಿ ಗುಡ್‌ಗಳನ್ನೇ ಹಿಡಿದು ನೋಡಿದಳು. ಯಾರು ಏನೇ ಹೇಳಲಿ, ಅರ್ಧ ಹೇಳಲಿ, ತಪ್ಪೇ ಹೇಳಲಿ, ಬೋರ್ಡಿನ ಕಡೆ ಮುಖ ಮಾಡಿಕೊಂಡು ವೆರಿ ಗುಡ್ ಎಂದು ಎಸೆಯುತ್ತಿದ್ದಳು. ಯಾವ ಮಗುವಿನ ಉತ್ತರವನ್ನೂ ಮುಖ ನೋಡಿ ತೆಗೆದುಕೊಂಡಿರಲಿಲ್ಲ. ನಾಚಿಕೆಯಾಯಿತು. ಆದರೆ ಆ ನಾಚಿಕೆಯ ಅಡಿಯಲ್ಲಿ ಭಯ ಹಾಗೇ ಕೂತಿತ್ತು. ಏಕೆಂದರೆ ನೆಗಡಿ ಸ್ವರ ದಿನಾ ಬರುತ್ತಿತ್ತು, ದಿನಾ ಅವಳು ಅದಕ್ಕೆ ವೆರಿ ಗುಡ್ ಹೇಳುತ್ತಿದ್ದಳು.

ಕೊನೆಗೊಂದು ದಿನ ಟೇಪನ್ನು ಲೈಬ್ರರಿಗೆ ಒಯ್ದು ಅಗಾತಾ ಟೀಚರ್ ಮುಂದಿಟ್ಟಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಕೇಳಿದರು. ಪ್ರೆಸೆಂಟ್ ಮಿಸ್ ಬಂದದ್ದೇ ಅವರ ಕೈ ಕುತ್ತಿಗೆಯ ಶಿಲುಬೆಯನ್ನು ಹುಡುಕಿತು.

"ನಿಲ್ಲಿಸಿ" ಅಂದರು. ಆಮೇಲೆ, "ಇದು ಕೃತಿಕ್‌ನ ಸ್ವರ. ಅವ ಇಲ್ಲ ಶಿಲ್ಪಾ. ಹೋದ ಚಳಿಗಾಲದಲ್ಲಿ ತೀರಿಹೋದ" ಅಂದರು.

ಹೋದ ಚಳಿಗಾಲ ಇದೇ ಮಕ್ಕಳು ಎರಡನೇ ಕ್ಲಾಸಿನಲ್ಲಿದ್ದರು, ಅಗಾತಾ ಅವರ ಕ್ಲಾಸ್ ಟೀಚರ್. ದುಖಾನಿನ ಕಡೆಯ ಕಡಲತೀರಕ್ಕೆ ಪಿಕ್‌ನಿಕ್ ಹೋಗಿದ್ದರು. ಹೊರಡುವ ಹೊತ್ತಿಗೆ ಮಂಜು ಬಂತು. ಮರುಭೂಮಿಯಲ್ಲಿ ಮಂಜೆಂದರೆ ಊರಿನವರು ನಂಬುವುದಿಲ್ಲ, ಆದರೆ ಅಲ್ಲಿ ಚಳಿಗಾಲದ ಮಂಜು ಎದುರಿಗಿದ್ದ ಬಸ್ಸನ್ನೂ ನುಂಗಿಬಿಡುತ್ತದೆ. ಡ್ರೈವರ್ ಪಕೀರಬ್ಬ ಹಾರನ್ ಒತ್ತುತ್ತ ಯಲ್ಲಾ ಯಲ್ಲಾ ಅಂತ ಅವಸರ ಮಾಡುತ್ತಿದ್ದ. ಅಗಾತಾ ಬಸ್ಸಿನ ಮುಂದಿನ ಸೀಟಿನ ಹತ್ತಿರ ನಿಂತು ಹಾಜರಿ ಕೂಗಿದರು. ಎಲ್ಲ ಹೆಸರಿಗೂ ಉತ್ತರ ಬಂತು. ಬಸ್ಸು ಹೊರಟಿತು. ದೋಹಾ ಮುಟ್ಟಿ ಮಕ್ಕಳನ್ನು ಇಳಿಸುವಾಗ ಕೃತಿಕ್ ಇರಲಿಲ್ಲ. ಮರುದಿನ ಮಂಜು ಸರಿದ ಮೇಲೆ ಪೊಲೀಸರಿಗೆ ಅವನು ನೀರಿನಂಚಿನಲ್ಲಿ ಸಿಕ್ಕಿದ. ದಾರಿ ತಿಳಿಯದೆ ಕಡಲಿನ ಕಡೆಗೇ ನಡೆದಿದ್ದ.

"ಅವನ ಹೆಸರು ಕೂಗಿದೆ, ಅವ ಪ್ರೆಸೆಂಟ್ ಅಂದ. ನಾನು ನನ್ನ ಕಿವಿಯಾರೆ ಕೇಳಿದ್ದು" ಅಂದರು ಅಗಾತಾ. "ಯಾರೂ ನಂಬ್ಲಿಲ್ಲ. ಟೀಚರ್ ಹಾಜರಿಯೇ ಕರೆದಿಲ್ಲ, ಈಗ ಸುಳ್ಳು ಹೇಳ್ತಾಳೆ ಅಂದ್ರು. ಅವನ ಅಪ್ಪ ಅಮ್ಮ ಊರಿಗೆ ಹೋದ್ರು. ಆಮೇಲೆ ನನಗೂ ಸಂಶಯ ಬಂತು, ಬಸ್ಸಿನಲ್ಲಿ ಇಲ್ಲದವ ಹೇಗೆ ಹೇಳ್ತಾನೆ ಅಂತ. ಅಂದಿನಿಂದ ಆ ಮಕ್ಕಳ ಮುಂದೆ ನಿಲ್ಲಿಕ್ಕೆ ನನಗೆ ಆಗುದಿಲ್ಲ."

"ಅಶ್ವಿತಾ ಮಾತು ಬಿಟ್ಟಿದ್ದೂ ಆವಾಗೇನ್ರೀ?"

"ಹೌದು. ಅವರಿಬ್ಬರು ಒಂದೇ ಬಿಲ್ಡಿಂಗು, ಒಂದೇ ಬೆಂಚು. ಅವಳ ಪಕ್ಕದ ಜಾಗ ಅವನದ್ದು."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಟೇಪು ಎತ್ತಿಟ್ಟು ಪೂಜೆಯನ್ನೋ ಪ್ರಾರ್ಥನೆಯನ್ನೋ ಮಾಡಿಸುತ್ತಿದ್ದರು. ಇವರಿಬ್ಬರೂ ಟೀಚರುಗಳು, ಗೊತ್ತಾಗದ್ದನ್ನು ಗೊತ್ತುಮಾಡಿಕೊಳ್ಳುವ ಚಾಳಿ ಬಿಡಲಿಲ್ಲ. ಶಿಲ್ಪಶ್ರೀ ಕ್ಲಾಸಿನಲ್ಲಿ ಒಂದೊಂದನ್ನೇ ಬದಲಿಸುವುದು, ಆಮೇಲೆ ಲೈಬ್ರರಿಯಲ್ಲಿ ಇಬ್ಬರೂ ತಲೆ ಜೋಡಿಸಿ ಟೇಪು ಕೇಳುವುದು, ಹೀಗೆಂದು ಮಾತಾಯಿತು. ಟೇಪನ್ನು ಹಿಂದಿನ ಬೆಂಚಿನಲ್ಲಿಟ್ಟರೆ ಸ್ವರ ದೂರದಿಂದ ಬಂತು, ಮೂರನೇ ಬೆಂಚಿನಲ್ಲಿಟ್ಟರೆ ಕಿವಿಯಲ್ಲೇ ಹೇಳಿದಂತೆ ಬಂತು. ಅಶ್ವಿತಾಳನ್ನು ಮುಂದಿನ ಬೆಂಚಿಗೆ ಕೂರಿಸಿದರೆ ಸ್ವರವೂ ಅವಳ ಜೊತೆ ಎದ್ದು ಮುಂದಿನ ಬೆಂಚಿಗೆ ಬಂತು. ಅವಳಿಗೆ ಜ್ವರ ಬಂದು ಮನೆಯಲ್ಲಿ ಉಳಿದ ದಿನ ಟೇಪಿನಲ್ಲಿ ಎ.ಸಿ.ಯ ಗೊರಗೊರ ಬಿಟ್ಟರೆ ಬೇರೇನೂ ಇರಲಿಲ್ಲ.

"ಹಾಗಾದ್ರೆ ಅವಳೇ ಹೇಳುವುದು" ಅಂದರು ಅಗಾತಾ.

ಶಿಲ್ಪಶ್ರೀ ಅಲ್ಲವೆಂದು ತಲೆಯಾಡಿಸಿದಳು. ಅವಳು ಅದನ್ನೂ ನೋಡಿದ್ದಳು. ಪ್ರಶ್ನೆ ಕೇಳಿ ತಟ್ಟನೆ ತಿರುಗಿ ಅಶ್ವಿತಾಳನ್ನೇ ನೋಡುತ್ತ ನಿಂತಿದ್ದಳು. ಹುಡುಗಿಯ ತುಟಿ ಬಿಗಿದಿತ್ತು, ಗಂಟಲು ಅಲುಗಲಿಲ್ಲ. ಆದರೂ ಆ ಹೊತ್ತಿನ ಟೇಪಿನಲ್ಲಿ ಉತ್ತರ ಇತ್ತು.

ಇನ್ನು ಬದಲಿಸಲು ಉಳಿದದ್ದು ಶಿಲ್ಪಶ್ರೀ ಒಬ್ಬಳೇ. ಮರುದಿನ ಅವಳು ಹಾಜರಿಯನ್ನು ಬೇರೆ ರೀತಿ ತೆಗೆದುಕೊಂಡಳು. ಒಂದು ಹೆಸರು ಕೂಗುವುದು, ತಲೆ ಎತ್ತುವುದು, ಆ ಮಗುವಿನ ಮುಖ ಕಣ್ಣಿಗೆ ಸಿಗುವತನಕ ಮುಂದಿನ ಹೆಸರಿಗೆ ಹೋಗದಿರುವುದು. ಅಬ್ಬಾ, ಎಷ್ಟು ನಿಧಾನದ ಕೆಲಸ. ಅಷ್ಟು ದಿನ ಪಾಠ ಹೇಳಿದ್ದರೂ ಒಬ್ಬನ ಕೆನ್ನೆಯ ಮಚ್ಚೆ, ಒಬ್ಬಳ ಅತ್ತ ಕಣ್ಣು ಅವಳು ಅಂದೇ ಕಂಡದ್ದು. ಕೊನೆಯ ಹೆಸರು ಮುಗಿಯಿತು. ಎ.ಸಿ. ತಟ್ಟನೆ ನಿಂತಿತು. ಆಗ ಮೊದಲ ಸಲ, ಟೇಪಿನಲ್ಲಲ್ಲ, ಆ ಕೋಣೆಯಲ್ಲೇ, ಅಶ್ವಿತಾಳ ಪಕ್ಕದ ಖಾಲಿ ಜಾಗದಿಂದ ಅವಳಿಗೆ ಕೇಳಿಸಿತು.

"ಪ್ರೆಸೆಂಟ್ ಮಿಸ್."

ಅವಳ ಕೈಯಲ್ಲಿದ್ದ ಸೀಮೆಸುಣ್ಣ ಬಿತ್ತು. ಮಕ್ಕಳು ಬೆಚ್ಚಲಿಲ್ಲ, ಒಬ್ಬರೂ ಹಿಂತಿರುಗಿ ನೋಡಲಿಲ್ಲ. ಎದುರಿನ ಬೆಂಚಿನ ಐಶ್ವರ್ಯಾ ಎಂಬ ಹುಡುಗಿ ಸೀಮೆಸುಣ್ಣ ಎತ್ತಿಕೊಟ್ಟು, "ಅವ ದಿನಾ ಹೇಳ್ತಾನೆ ಮಿಸ್" ಅಂದಳು. "ಟೀಚರ್ಸಿಗೆ ಕೇಳುದಿಲ್ಲ, ಅಷ್ಟೆ."

ಶಿಲ್ಪಶ್ರೀ ಆ ದಿನ ಪಾಠ ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಲೈಬ್ರರಿಗೆ ಬಂದು ಕೂತವಳಿಗೆ ತನ್ನದೇ ಶಾಲೆ ನೆನಪಾಯಿತು. ಗದಗಿನಲ್ಲಿ ಗೆಳತಿಯೊಬ್ಬಳು ತಡವಾಗಿ ಬರುವಾಗ ಇವಳು ಹಿಂದಿನ ಸಾಲಿನಿಂದ ಮೂಗು ಹಿಡಿದುಕೊಂಡು ಹಾಜರ್ ಅಕ್ಕೋರ ಎಂದು ಕೂಗುತ್ತಿದ್ದಳು. ಅಕ್ಕೋರು ತಲೆ ಎತ್ತದೆ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಎಲ್ಲ ಶಾಲೆಯ ಎಲ್ಲ ಮಕ್ಕಳೂ ಮಾಡುವ ಕೆಲಸ. ಗೆಳೆಯ ಇನ್ನೇನು ಬರುತ್ತಾನೆ, ಅಲ್ಲಿಯತನಕ ಬೈಗುಳ ತಪ್ಪಿಸೋಣವೆಂದು.

ಅವಳು ತಟ್ಟನೆ ಅಗಾತಾ ಕಡೆ ತಿರುಗಿದಳು.

"ಟೀಚರ್ರೀ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆವತ್ತು ಬಸ್ಸಿನಾಗ ಕೃತಿಕ್‌ನ ಹೆಸರು ಕೂಗಿದಾಗ ನೀವು ತಲಿ ಎತ್ತಿ ಅವನ್ನ ನೋಡಿದ್ರೇನು?"

ಅಗಾತಾಗೆ ಸಿಟ್ಟು ಬರಲಿಲ್ಲ. "ಇಲ್ಲ" ಅಂದರು. ಆಮೇಲೆ, "ಮಗು ಅದು. ಅಶ್ವಿತಾಳಿಗೆ ಆಗ ಏಳು ವರ್ಷ. ಒಂದು ವರ್ಷದಿಂದ ಒಬ್ಬಳೇ ಇದನ್ನು ಹೊತ್ತುಕೊಂಡು ಕೂತಿದ್ದಾಳೆ" ಅಂದು ಅತ್ತರು.

ಅವಳನ್ನು ಕರೆಸಿ ಕೇಳೋಣ ಎಂದು ಅಗಾತಾಗೆ ಅನಿಸಿತ್ತು. ಶಿಲ್ಪಶ್ರೀ ಬೇಡವೆಂದಳು. ಬಾಯಿ ಬಿಡಿಸಿ ತೆಗೆದ ಮಾತು ಆ ಹುಡುಗಿಯದಾಗುವುದಿಲ್ಲ ಎಂಬುದು ಈ ಕೆಲವು ವಾರಗಳಲ್ಲಿ ಅವಳು ಕಲಿತದ್ದು. ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು, ಆಮೇಲೆ ಮುಖ ನೋಡುತ್ತ ಕಾಯಬೇಕು. ಆದರೆ ಆ ಪ್ರಶ್ನೆ ಕೇಳಬೇಕಾದವಳು ತಾನಲ್ಲ ಎಂದೂ ಅವಳಿಗೆ ತಿಳಿದಿತ್ತು.

ದಿನ ಹೆಚ್ಚು ಉಳಿದಿರಲಿಲ್ಲ. ಶಿಲ್ಪಶ್ರೀಯ ಕೊನೆಯ ಪಾಠ ನೋಡಿ ಅಂಕ ಹಾಕಲು ಪ್ರಿನ್ಸಿಪಾಲರೇ ಬರುವವರಿದ್ದರು, ಅದೇ ದಿನ ಶಾಲೆ ಬಿಟ್ಟ ಮೇಲೆ ಅಶ್ವಿತಾಳ ಟಿ.ಸಿ. ಒಯ್ಯಲು ಅವಳ ತಂದೆಗೆ ಹೇಳಿಕಳಿಸಿದ್ದರು.

ಆ ಬೆಳಿಗ್ಗೆ ಹೊರಗೆ ಧೂಳೆದ್ದಿತ್ತು. ಕಿಟಕಿಯ ಕಾಗದ ಇನ್ನಷ್ಟು ಕಪ್ಪಾಗಿ, ಕೋಣೆಯಲ್ಲಿ ಟ್ಯೂಬ್‌ಲೈಟಿನ ಬೆಳಕಷ್ಟೇ ಇತ್ತು. ಪ್ರಿನ್ಸಿಪಾಲರು ಹಿಂದೆ ಕುರ್ಚಿ ಹಾಕಿಕೊಂಡು ಪೆನ್ನು ಬಿಚ್ಚಿ ಕೂತರು. ಶಿಲ್ಪಶ್ರೀ ಬೋರ್ಡಿನ ಹತ್ತಿರ ಹೋಗಲಿಲ್ಲ. ಬಾಗಿಲಿಗೆ ಹೋಗಿ, ಆಚೆ ನಿಂತಿದ್ದ ಅಗಾತಾ ಟೀಚರ್ ಕೈ ಹಿಡಿದು, "ಇವತ್ತಿನ ಹಾಜರಿ ನೀವು ಕೂಗ್ರಿ" ಅಂದಳು.

ಪ್ರಿನ್ಸಿಪಾಲರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಗಾತಾ ಹೊಸ್ತಿಲು ದಾಟಿದ್ದರು.

ಅವರ ಕೈಯಲ್ಲಿ ಪಟ್ಟಿ ಇರಲಿಲ್ಲ. ಹೋದ ವರ್ಷದ ಮಕ್ಕಳ ಹೆಸರು ಅವರಿಗೆ ಬಾಯಿಪಾಠವಾಗಿತ್ತು. ಪ್ರತಿ ಹೆಸರಿಗೂ ಆ ಮಗುವಿನ ಬೆಂಚಿನ ಹತ್ತಿರ ಹೋಗಿ, ಮುಖ ನೋಡಿ, ಮುಂದಕ್ಕೆ ನಡೆದರು. ಅಶ್ವಿತಾ ಎಂದಾಗ ಹುಡುಗಿ ಎಂದಿನಂತೆ ಕೈ ಎತ್ತಿದಳು. ಅಗಾತಾ ಅಲ್ಲೇ ನಿಂತರು. ಅವಳ ಪಕ್ಕದ ಖಾಲಿ ಜಾಗದ ಕಡೆ ತಿರುಗಿ, ಅಷ್ಟು ದಿನ ಆ ಕ್ಲಾಸಿನಲ್ಲಿ ಯಾರೂ ಎತ್ತದ ಹೆಸರನ್ನು ಎತ್ತಿದರು.

"ಕೃತಿಕ್."

ಎ.ಸಿ. ನಿಂತಿತು. ಕೋಣೆಯಲ್ಲಿ ಮಂಜಿನ ವಾಸನೆ, ಒದ್ದೆ ಉಪ್ಪಿನ ವಾಸನೆ ಬಂತೆಂದು ಶಿಲ್ಪಶ್ರೀ ಆಮೇಲೆ ಗಂಡನಿಗೆ ಹೇಳಿದಳು. ಬೆಂಚಿನ ಹಲಗೆ, ಯಾರೋ ಏಳಲು ಹೊರಟಾಗ ಅನ್ನುವಂತೆ, ಕಿರ್ರೆಂದಿತು. ಪ್ರಿನ್ಸಿಪಾಲರ ಪೆನ್ನು ಕಾಗದದ ಮೇಲೆ ನಿಂತೇಬಿಟ್ಟಿತು.

"ಪ್ರೆ..." ಎಂದಿತು ನೆಗಡಿ ಸ್ವರ.

ಅಶ್ವಿತಾ ಎರಡೂ ಕೈಯಿಂದ ಆ ಖಾಲಿ ಜಾಗವನ್ನು ಒತ್ತಿ ಹಿಡಿದಳು, ಅಲ್ಲಿದ್ದವನನ್ನು ಏಳಗೊಡದವಳಂತೆ. ಅಗಾತಾ ಕಾದರು. ಶಿಲ್ಪಶ್ರೀಗೆ ಬಾಯಿ ಹಾಕಿ ಸಹಾಯ ಮಾಡಬೇಕೆಂದು ನಾಲಿಗೆ ತುದಿಯವರೆಗೆ ಬಂತು, ತಡೆದುಕೊಂಡಳು. ಅವಳು ತನ್ನ ಜೀವನದಲ್ಲಿ ಮಾಡಿದ ಅತಿ ಕಷ್ಟದ ಕಲಿಸುವಿಕೆ ಅದು, ಸುಮ್ಮನೆ ನಿಂತದ್ದು.

ಹುಡುಗಿಯ ಗಂಟಲು ಅಲುಗಿತು. ಬಂದ ಸ್ವರ ನೆಗಡಿಯದಲ್ಲ. ಒಣಗಿ ಒಡಕಾದ, ಅವಳದೇ ಸ್ವರ.

"ಇಲ್ಲ ಮಿಸ್. ಅವ ಬಸ್ಸಿಗೆ ಬರ್ಲಿಲ್ಲ. ಪ್ರೆಸೆಂಟ್ ಹೇಳಿದ್ದು ನಾನು."

ಅಗಾತಾ ಬೆಂಚಿನ ಪಕ್ಕ ಮಂಡಿಯೂರಿ ಕೂತು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನೋಡದಿದ್ದದ್ದು ನಾನು, ಮಗಾ" ಅಂದರು.